ಬಾವು ಬಾರದ ಕೈ

ಶಿವಾರಪಟ್ಟಣದ ಶಿಲ್ಪಿಗಳ ಬೀದಿಯಲ್ಲಿ ಆ ದಿನ ಬೆಳಿಗ್ಗೆಯಿಂದಲೇ ಮಿಷನ್ನುಗಳ ಸದ್ದು ಅಡಗಿತ್ತು. ಕೋದಂಡರಾಮಪ್ಪನ ಶೆಡ್ಡಿನ ಬಾಗಿಲಿಗೆ ಮಾವಿನೆಲೆ ಪೋಣಿಸಿದ ದಾರ ಅಡ್ಡ ಕಟ್ಟಿತ್ತು. ಅಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಳಗಿರುವ ವಿಗ್ರಹಕ್ಕೆ ಕಣ್ಣು ತೆರೆಸುತ್ತಾರೆ, ಅಲ್ಲಿಯವರೆಗೂ ಆತ ಮಾತಾಡುವುದಿಲ್ಲ, ಯಾರೂ ಆತನನ್ನು ಮಾತಾಡಿಸಬಾರದು ಎಂದು ಅರ್ಥ. ಮರ್ಯಾದೆಗೆ ಅಕ್ಕಪಕ್ಕದವರು ಕಟಿಂಗ್ ಮಿಷನ್ ನಿಲ್ಲಿಸಿ, ಕೈಯಲ್ಲೇ ಆಗುವ ಸಣ್ಣಪುಟ್ಟ ಕೆಲಸ ಹಿಡಿದು ಕೂತಿದ್ದರು.

ಬೇರೆಯವರು ವಿಗ್ರಹವನ್ನು ಗುಡಿಗೆ ಸಾಗಿಸಿ ಅಲ್ಲೇ ಕಣ್ಣು ತೆರೆಸುತ್ತಾರೆ. ಈ ಮನೆತನದವರು ಮಾತ್ರ ಶೆಡ್ಡಿನಲ್ಲೇ. ಇವರ ತಾತ ರಾಗಿ ಹೊಲ ಉಳುತ್ತಿದ್ದವನು, ಒಬ್ಬ ಆಚಾರಿಯ ಹತ್ತಿರ ಕೂತು ಉಳಿ ಹಿಡಿಯುವುದನ್ನು ಕಲಿತವನು. ಹೊರಗಿನಿಂದ ಬಂದವನಲ್ಲವೇ, ನಾಳೆ ಯಾರೂ ಬೆರಳು ತೋರಿಸಬಾರದೆಂದು ನೇಮವನ್ನು ಗುರುವಿಗಿಂತ ಬಿಗಿಯಾಗಿ ಕಟ್ಟಿಕೊಂಡ. ಸೂರ್ಯ ಹುಟ್ಟಿದ ಮೇಲೆ ಬಾಯಿಂದ ಒಂದು ಮಾತು ಜಾರಿದರೂ ಆ ಕೈ ಆ ವಿಗ್ರಹದ ಕಣ್ಣು ಮುಟ್ಟುವಂತಿಲ್ಲ. ಬೇರೆ ಶಿಲ್ಪಿ ಬಂದು ತೆರೆಸಬೇಕು. ಅಲ್ಲಿಗೆ ವಿಗ್ರಹ ಅವನದೇ ಎಂದು ಲೆಕ್ಕ. ಕಡೆದವನ ಹೆಸರನ್ನು ಯಾರೂ ಎತ್ತುವುದಿಲ್ಲ. ತಾತನಿಗೂ ಅಪ್ಪನಿಗೂ ಹಾಗೆ ಒಮ್ಮೆಯೂ ಆಗಿರಲಿಲ್ಲ. ಕೋದಂಡರಾಮಪ್ಪನಿಗೂ ಅಷ್ಟೇ.

ಮಾತು ಬಿಡುವುದು ಅವನಿಗೆ ದೊಡ್ಡ ವ್ರತವೇನೂ ಅಲ್ಲ ಬಿಡಿ. ಹೆಂಡತಿ ಸುನಂದ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತು ಎಂಬುದೇ ಉಳಿದಿರಲಿಲ್ಲ. ಮಕ್ಕಳಾಗಿರಲಿಲ್ಲ. ಬೆಳಿಗ್ಗೆ ಹಾಲಿನವನಿಗೆ ಒಂದು ‘ಹೂಂ’, ಅಂಗಡಿಯಲ್ಲಿ ಕಾಫಿಪುಡಿ ಕೇಳುವಾಗ ಒಂದು ಮಾತು, ಅಷ್ಟಕ್ಕೆ ಅವನ ದಿನ ಮುಗಿಯುತ್ತಿತ್ತು. ಎಷ್ಟೋ ದಿನ ಈ ದಾರ ಕಟ್ಟದೆಯೂ ಅವನು ಸಂಜೆಯವರೆಗೆ ಬಾಯಿ ತೆರೆದಿರಲಿಲ್ಲ.

ಎದುರಿಗೆ ಗಂಗಮ್ಮ ನಿಂತಿದ್ದಳು. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯವರು ಹೇಳಿ ಮಾಡಿಸಿದ ಕಪ್ಪು ಕಲ್ಲಿನ ವಿಗ್ರಹ. ಮಳೆಗಾಲದಲ್ಲಿ ಶುರುಮಾಡಿದ್ದು, ಈಗ ಚಳಿಗಾಲ ಮುಗಿಯುತ್ತಾ ಬಂದಿತ್ತು. ಮೂಗು, ತುಟಿ, ಕಿರೀಟ, ಸೀರೆಯ ನಿರಿಗೆ ಎಲ್ಲ ಆಗಿತ್ತು. ಕಣ್ಣಿನ ಜಾಗ ಮಾತ್ರ ಮೊಟ್ಟೆಯ ಹಾಗೆ ನುಣ್ಣಗಿತ್ತು. ಅವಳ ಮುಂದೆ ಕನ್ನಡಿ ಇಟ್ಟಿದ್ದ. ಕಣ್ಣು ತೆರೆದ ದೇವಿ ಮೊದಲು ತನ್ನನ್ನೇ ನೋಡಿಕೊಳ್ಳಬೇಕು, ಆ ನೋಟ ಮನುಷ್ಯನ ಮೇಲೆ ನೇರ ಬೀಳಬಾರದು ಎಂದು ಪದ್ಧತಿ. ತನ್ನ ಕೈಯಿಂದ ಇಂಥ ಮುಖ ಹಿಂದೆ ಬಂದಿಲ್ಲ, ಮುಂದೆಯೂ ಬರುವುದಿಲ್ಲ ಎಂದು ಕೋದಂಡರಾಮಪ್ಪನಿಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಯಾರಿದ್ದರು?

ಆದರೆ ಎಡಗೈ ನೋಯುತ್ತಿತ್ತು. ಸುಮ್ಮನೆ ನೋಯುವುದಲ್ಲ, ಪ್ರಾಣ ಹಿಂಡುವಂತೆ.

ಹಿಂದಿನ ವಾರ ಕಿರೀಟದ ಅಂಚು ಬಿಡಿಸುವಾಗ ಉಳಿಯ ತಲೆಯಿಂದ ಉಕ್ಕಿನ ಚೂರೊಂದು ಹಾರಿ ತೋರುಬೆರಳ ಬುಡಕ್ಕೆ ನೆಟ್ಟಿತ್ತು. ಕಿತ್ತು ಬಿಸಾಡಿ, ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಕೆಲಸಕ್ಕೆ ಕೂತಿದ್ದ. ಆ ಬೀದಿಯಲ್ಲಿ ಗಾಯಕ್ಕೆ ಇರುವುದು ಒಂದೇ ಪರೀಕ್ಷೆ. ಊದಿಕೊಂಡು ಬಾವು ಬಂತೋ, ಡಾಕ್ಟರ ಹತ್ತಿರ ಹೋಗು. ಬರಲಿಲ್ಲವೋ, ಬಾಯಿ ಮುಚ್ಚಿಕೊಂಡು ಕೆಲಸ ಮಾಡು. ಕೋದಂಡರಾಮಪ್ಪ ದಿನಾ ಬಟ್ಟೆ ಬಿಚ್ಚಿ ನೋಡಿದ. ಬಾವು ಬರಲೇ ಇಲ್ಲ. ಜ್ವರವೂ ಇಲ್ಲ. ಗಂಗಮ್ಮನ ದಯೆ ಅಂದುಕೊಂಡ. ನೋವು ಮಾತ್ರ ನಿನ್ನೆಯಿಂದ ಹೆಚ್ಚುತ್ತಲೇ ಹೋಗಿ, ಈಗ ಮೊಣಕೈ ದಾಟಿತ್ತು.

ಬಾವು ಯಾಕೆ ಬರಲಿಲ್ಲ ಎಂಬುದರ ಗುಟ್ಟು ಅವನ ಮನೆಯ ಗೋಡೆಗೂಡಿನಲ್ಲೇ, ಸುನಂದಳ ಫೋಟೋದ ಹಿಂದೆ ಇತ್ತು. ಕಲ್ಲಿನ ಧೂಳು ಕುಡಿದು ಕುಡಿದು ಅವನಿಗೆ ದಮ್ಮು ಹಿಡಿದಿತ್ತು. ಮಾಲೂರಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಟ್ಟ ಸಣ್ಣ ಬಿಳಿ ಮಾತ್ರೆ ನುಂಗಿದ. ಎದೆ ಹಗುರಾಯಿತು, ಮಂಡಿನೋವು ಮಾಯವಾಯಿತು, ಹಸಿವು ಹೆಚ್ಚಿತು. ಇನ್ನೇನು ಬೇಕು? ವರ್ಷದ ಮೇಲಾಯಿತು, ಒಂದು ದಿನವೂ ತಪ್ಪಿಸಿರಲಿಲ್ಲ. ಮುಖ ದುಂಡಗಾಗಿ ಕೆನ್ನೆ ತುಂಬಿಕೊಂಡವು. ಬೀದಿಯವರು ಅದನ್ನು ನೋಡಿ, ಒಂಟಿ ಬಾಳು ಕೋದಂಡಣ್ಣನಿಗೆ ಒಗ್ಗಿದೆ, ಮೈಕೈ ತುಂಬಿಕೊಂಡಿದ್ದಾನೆ ಎಂದು ನಿಶ್ಚಿಂತೆಯಾಗಿದ್ದರು.

ನಿಶ್ಚಿಂತೆಯಾಗಿರಿ ಎಂದು ಹೇಳಿದವನೂ ಇವನೇ. ಸುನಂದ ಹೋದ ಹೊಸದರಲ್ಲಿ ಮನೆ ತುಂಬ ಜನ. ಪಕ್ಕದ ಶೆಡ್ಡಿನ ಶಿವಕುಮಾರ್, ಇವನ ಹತ್ತಿರವೇ ಉಳಿ ಹಿಡಿಯಲು ಕಲಿತವನು, ರಾತ್ರಿ ಹೊತ್ತು ಜಗಲಿಯಲ್ಲಿ ಬಂದು ಮಲಗುತ್ತಿದ್ದ. ಸುನಂದಳ ತಂಗಿ ಆಂಜಿನಮ್ಮ ಬೀದಿಯ ಆ ತುದಿಯಿಂದ ದಿನಾ ಕ್ಯಾರಿಯರ್ ಹಿಡಿದು ಬರುತ್ತಿದ್ದಳು. ಮುದ್ದೆ ಬಿಸಿಯಿರಲೆಂದು ಸೆರಗು ಮುಚ್ಚಿಕೊಂಡು ತರುತ್ತಿದ್ದಳು. ಅವನು ಉಣ್ಣುವವರೆಗೂ ಕದಲದೆ ಕೂತು, ಅಕ್ಕನ ಸುದ್ದಿ ತೆಗೆದು ತಾನೂ ಅಳುತ್ತಿದ್ದಳು, ಇವನನ್ನೂ ಅಳಿಸುತ್ತಿದ್ದಳು. ಬೇರೆಯವರ ಮುಂದೆ ಅಳುವುದೆಂದರೆ ಇವನಿಗೆ ಮೈ ಉರಿಯುತ್ತಿತ್ತು. ಮೊದಲು ಶಿವಕುಮಾರನನ್ನು, ನಿನಗೆ ಮನೆ ಇಲ್ಲವಾ ಎಂದು ಗದರಿ ಕಳಿಸಿದ. ಆಮೇಲೆ ಒಂದು ಮಧ್ಯಾಹ್ನ ಆಂಜಿನಮ್ಮ ಕ್ಯಾರಿಯರ್ ಬಿಚ್ಚುತ್ತಿರುವಾಗಲೇ ಹೇಳಿಬಿಟ್ಟ.

“ನಾನು ಚೆನ್ನಾಗಿದ್ದೀನಿ ಆಂಜಿನಮ್ಮ. ಸಾಕು. ನಾಳೆಯಿಂದ ಬರಬೇಡ.”

ಅವಳು ತಲೆ ಎತ್ತಲಿಲ್ಲ. ಬಿಚ್ಚಿದ್ದ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು, ಕ್ಯಾರಿಯರ್ ಮುಚ್ಚಿ, “ಸರಿ ಭಾವ” ಎಂದು ಎದ್ದಳು. ಅವಳಂಥ ಹೆಣ್ಣುಮಕ್ಕಳಿಗೆ ಬೇಡ ಅಂದರೆ ಬೇಡವೇ. ಅದಾದ ಮೇಲೆ ಅವಳು ಹೊಸ್ತಿಲು ತುಳಿಯಲಿಲ್ಲ. ಕೋದಂಡರಾಮಪ್ಪ ಒಂದು ವಾರ ಊಟದ ಹೊತ್ತಿಗೆ ಬೀದಿಯ ಕಡೆ ಕಿವಿ ಕೊಟ್ಟುಕೊಂಡು ಕೂತ. ಹೀಗೆ ಕೂತಿದ್ದನ್ನು ಅವನು ತನಗೆ ತಾನೇ ಒಪ್ಪಿಕೊಳ್ಳುತ್ತಿರಲಿಲ್ಲ, ಹಟಮಾರಿ.

ಆಂಜಿನಮ್ಮನ ಮಗಳು ಪವಿತ್ರ. ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಾಳೆ, ದಿನಾ ಮಾಲೂರಿನಿಂದ ರೈಲು. ದೀಪಾವಳಿ ಹೊತ್ತಿಗೆ ಇವನು ಮಾಲೂರಿಗೆ ಉಳಿ ತರಲು ಹೋಗಿದ್ದಾಗ ಸ್ಟೇಷನ್ ಹತ್ತಿರ ಸಿಕ್ಕಿದ್ದಳು. ಅಮ್ಮನ ಮುನಿಸು ಅವಳಿಗಿರಲಿಲ್ಲ. ದೊಡ್ಡಪ್ಪನನ್ನು ಬೆಂಚಿನ ಮೇಲೆ ಕೂರಿಸಿ ಟೀ ಕುಡಿಸಿದಳು. ಏನಮ್ಮಾ ನಿನ್ನ ಓದು, ಇಲಿಗೆ ವಿಷ ಹಾಕೋದಂತಲ್ಲ ಎಂದು ಇವನು ಕೆಣಕಿದ. ಅವಳು ನಕ್ಕು, ಬೇಸರವಿಲ್ಲದೆ ಬಿಡಿಸಿ ಹೇಳಿದಳು.

ಬ್ಯಾಕ್ಟೀರಿಯ ಮೈಯೊಳಗೆ ನುಗ್ಗಿ ವಿಷ ಕಾರಿದಾಗ ಅಲ್ಲಿನ ಜೀವಕೋಶಗಳು ಸುಮ್ಮನಿರುವುದಿಲ್ಲವಂತೆ, ಕೂಗು ಹಾಕುತ್ತವಂತೆ. ಬಾಯಿಯಿಂದಲ್ಲ, ಸಣ್ಣ ಸಣ್ಣ ಪ್ರೋಟೀನ್ ಕಣಗಳನ್ನು ಹೊರಗೆ ಬಿಟ್ಟು. ಸೈಟೋಕೈನ್ ಎಂದು ಅವುಗಳ ಹೆಸರು. ಆ ಕೂಗು ಮುಟ್ಟಿದ ಕಡೆ ರಕ್ತನಾಳಗಳು ಸಡಿಲವಾಗುತ್ತವೆ, ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಗಾಯ ಕೆಂಪಾಗುವುದು, ಊದುವುದು, ಜ್ವರ ಕಾಯುವುದು ಎಲ್ಲ ಆ ಬಂದವರ ಗದ್ದಲ. ಕೆಲಸ ಮುಗಿದ ಮೇಲೆ ಇನ್ನೊಂದು ಬಗೆಯ ಕಣ ಹೊರಡುತ್ತದೆ. ಸಾಕು, ಇನ್ನು ಮನೆಗೆ ನಡೆಯಿರಿ ಅನ್ನುತ್ತದೆ. ಅದು ತಡವಾದರೆ ಸಹಾಯಕ್ಕೆ ಬಂದ ಗುಂಪೇ ಮನೆ ಮುರಿದು ಹಾಕುತ್ತದೆ. ಕೆಲವು ವಿಷಗಳಂತೂ ಮೈಯೆಲ್ಲ ಒಟ್ಟಿಗೆ ಕೂಗೆಬ್ಬಿಸಿ, ಆ ಗಲಾಟೆಯಲ್ಲೇ ಮನುಷ್ಯನನ್ನು ಮುಗಿಸುತ್ತವೆ.

“ಸಾಕು ಅನ್ನೋದು ಬೇಗ ಬಂದ್ಬಿಟ್ರೆ?” ಎಂದು ಇವನು ಕೇಳಿದ.

“ಬಂದೋರು ವಾಪಸ್ ಹೋಗ್ತಾರೆ ದೊಡ್ಡಪ್ಪ. ಹೊರಗಿಂದ ನೋಡಿದ್ರೆ ಎಲ್ಲಾ ತಣ್ಣಗಿರುತ್ತೆ. ಒಳಗೆ ಅದು ಆರಾಮಾಗಿ ತಿಂತಾ ಇರುತ್ತೆ.” ಎಷ್ಟು ಕೂಗಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಮೈ ಹೇಗೆ ತೀರ್ಮಾನಿಸುತ್ತದೆ, ಅದನ್ನೇ ತಾವು ಹುಡುಕುತ್ತಿರುವುದು ಎಂದಳು. ಆಮೇಲೆ ಅವನ ಮುಖವನ್ನೇ ನೋಡುತ್ತ, ಕೆನ್ನೆ ಯಾಕೆ ಹೀಗೆ ಊದಿದೆ, ಏನಾದರೂ ಮಾತ್ರೆ ತಗೊಳ್ತಿದ್ದೀರಾ ಎಂದು ಕೇಳಿದಳು. ಕೂಗನ್ನು ಬಲವಂತವಾಗಿ ಅಡಗಿಸುವ ಸ್ಟೀರಾಯ್ಡ್ ಮಾತ್ರೆಗಳಿವೆ, ಡಾಕ್ಟರು ನೋಡಿ ಕೊಟ್ಟರೆ ಸರಿ, ನಮ್ಮಷ್ಟಕ್ಕೆ ನುಂಗಬಾರದು ಎಂದೂ ಹೇಳಿದಳು. ಕೋದಂಡರಾಮಪ್ಪ ಟೀ ಲೋಟ ಕೆಳಗಿಟ್ಟು, ಏನೂ ಇಲ್ಲ ಕಣಮ್ಮ, ನಾನು ಚೆನ್ನಾಗಿದ್ದೀನಿ ಅಂದ. ಸುಳ್ಳು ಹೇಳಿದ್ದು ಯಾಕೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ. ಹೇಳಿದ್ದರೆ ಅವಳು ಅಮ್ಮನಿಗೆ ಹೇಳುತ್ತಿದ್ದಳು, ಅಮ್ಮ ಮತ್ತೆ ಕ್ಯಾರಿಯರ್ ಹಿಡಿದು ಬರುತ್ತಿದ್ದಳು. ಅದು ಬೇಡವೆಂದೋ, ಬೇಕೆಂದೋ, ಅವನಿಗೇ ತಿಳಿಯಲಿಲ್ಲ.

ಈಗ ಶೆಡ್ಡಿನಲ್ಲಿ ಆ ಮಾತೆಲ್ಲ ನೆನಪಾಯಿತು. ಬಟ್ಟೆ ಬಿಚ್ಚಿ ನೋಡಿದ. ಬೆರಳ ಬುಡದಲ್ಲಿ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾವು ಮಾತ್ರ ಇಲ್ಲ. ಮುಟ್ಟಿದರೆ ಬೆರಳು ತಣ್ಣಗೆ, ತನ್ನದಲ್ಲವೇನೋ ಅನ್ನಿಸಿತು. ಮೈ ನಡುಗುತ್ತಿತ್ತು, ಎದೆ ಓಡುತ್ತಿತ್ತು. ದೇವಿಗಿಟ್ಟ ಕನ್ನಡಿಯಲ್ಲಿ ಅವನ ಮುಖ ಕಂಡಿತು. ಊರವರೆಲ್ಲ ಮೆಚ್ಚಿದ ಆ ದುಂಡು ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ಎದ್ದು ಹೊರಗೆ ಹೋಗೋಣ, ಯಾರಿಗಾದರೂ ಕೈಸನ್ನೆ ಮಾಡೋಣ ಅಂದುಕೊಂಡ. ಎದ್ದ, ಎರಡು ಹೆಜ್ಜೆ ಇಟ್ಟ, ಕಣ್ಣು ಕತ್ತಲೆ ಬಂದು ಗಂಗಮ್ಮನ ಪೀಠಕ್ಕೆ ಒರಗಿ ಕುಸಿದ. ಕಾಲು ಮಾತು ಕೇಳಲಿಲ್ಲ. ಫೋನು ಮನೆಯೊಳಗೆ ಚಾರ್ಜಿಗಿತ್ತು. ಬಲಗೈಗೆ ಸುತ್ತಿಗೆ ಸಿಕ್ಕಿತು. ಬಾಯಿಗೆ ತಾನೇ ನೇಮ, ಸುತ್ತಿಗೆಗೇನು? ಪಕ್ಕದಲ್ಲಿ ಬಿದ್ದಿದ್ದ ಕಲ್ಲಿಗೆ ಇದ್ದ ಶಕ್ತಿಯೆಲ್ಲ ಹಾಕಿ ಬಡಿದ. ಟಣ್, ಟಣ್, ಟಣ್. ಪಕ್ಕದ ಶೆಡ್ಡಿನಲ್ಲಿ ಶಿವಕುಮಾರ್ ಯಾರಿಗೋ ಮೆಲ್ಲಗೆ ಹೇಳುವುದು ಕೇಳಿಸಿತು: “ಅಣ್ಣ ಕೆಲಸ ಶುರು ಹಚ್ಕೊಂಡ್ರು. ಸದ್ದು ಮಾಡ್ಬೇಡ್ರಿ.”

ಶಿಲ್ಪಿಗಳ ಬೀದಿಯಲ್ಲಿ ಕಲ್ಲು ಬಡಿದು ಸಹಾಯ ಕೇಳಿದ ಭೂಪ! ಕೋದಂಡರಾಮಪ್ಪನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಸುತ್ತಿಗೆ ಕೈಯಿಂದ ಜಾರಿತು. ಇನ್ನು ಉಳಿದದ್ದು ಬಾಯಿ ಒಂದೇ.

ಮೇಲೆ ನೋಡಿದ. ಕಣ್ಣಿಲ್ಲದ ಮುಖ ಅವನ ತಲೆಯ ಮೇಲೆಯೇ ಬಾಗಿದಂತಿತ್ತು. ಆ ಕಣ್ಣು ಹೇಗಿರಬೇಕೆಂದು ಅವನಿಗೆ ಗೆರೆಗೆರೆಯೂ ಗೊತ್ತಿತ್ತು. ರೆಪ್ಪೆ ಎಲ್ಲಿ ಬಾಗಬೇಕು, ಕೊನೆ ಎಷ್ಟು ಚೂಪಾಗಬೇಕು ಎಂದು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಕಡೆದಿದ್ದ. ಈ ಒಂದಕ್ಕಾಗಿ ತಾನೆ ಅವನು ಬೆಳಿಗ್ಗೆ ಏಳುತ್ತಿದ್ದದ್ದು. ಬಾಯಿ ತೆರೆದರೆ ಅದು ಹೋಯಿತು. ತೆರೆಯದಿದ್ದರೆ ಸಂಜೆ ಟೆಂಪೋ ತಂದ ಹಳ್ಳಿಯವರು ದಾರ ಸರಿಸಿ ಒಳಗೆ ಬರುತ್ತಾರೆ, ಆ ಹೊತ್ತಿಗೆ ತಾನಿರುವುದಿಲ್ಲ. ಇರದಿದ್ದರೆ ಏನಾಯಿತು ಎಂದೂ ಒಂದು ಗಳಿಗೆ ಅನ್ನಿಸಿತು. ಯಾರು ಕಾಯುತ್ತಿದ್ದಾರೆ? ಕಾಯುತ್ತಿದ್ದವರನ್ನು ತಾನೇ ಕಳಿಸಲಿಲ್ಲವೇ? ಬಂದವರನ್ನೆಲ್ಲ ಸಾಕು ಸಾಕು ಎಂದು ವಾಪಸ್ಸು ಅಟ್ಟಿ, ಹೊರಗೆ ಎಲ್ಲ ತಣ್ಣಗಿದೆ ಎಂದು ತೋರಿಸಿಕೊಂಡು, ಒಳಗೇ ತಿನ್ನಿಸಿಕೊಂಡು ಕೂತಿದ್ದು ಕೈ ಮಾತ್ರವೇ? ಆಗ ಭಯ ಹುಟ್ಟಿತು. ಸಾಯುವ ಭಯಕ್ಕಿಂತ, ಹೀಗೆ ಒಬ್ಬನೇ ಸಾಯುವ ಭಯ.

“ಆಂಜಿನಮ್ಮಾ!”

ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಇನ್ನೊಮ್ಮೆ ಕೂಗಿದ.

“ಆಂಜಿನಮ್ಮಾ, ಬಾರಮ್ಮಾ… ಯಾರಾದ್ರೂ ಬನ್ರೋ…”

ಮಿಷನ್ನುಗಳೆಲ್ಲ ನಿಂತಿದ್ದರಿಂದ ಆ ಕೂಗು ಬೀದಿಯ ಉದ್ದಕ್ಕೂ ಹೋಯಿತು. ಶಿವಕುಮಾರ್ ದಾರ ಹರಿದುಕೊಂಡೇ ಒಳಗೆ ನುಗ್ಗಿದ. ಅವನ ಹಿಂದೆ ಇನ್ನಿಬ್ಬರು, ಆಮೇಲೆ ಬೀದಿಗೆ ಬೀದಿಯೇ. ಕಣ್ಣು ಮುಚ್ಚುವ ಮುಂಚೆ ಕೋದಂಡರಾಮಪ್ಪನಿಗೆ ಕಂಡದ್ದು, ಚಪ್ಪಲಿಯಿಲ್ಲದೆ ಓಡಿ ಬಂದ ಆಂಜಿನಮ್ಮನ ಕಾಲು. ಅವಳ ಕೈಗೆ ಮುದ್ದೆಯ ಹಿಟ್ಟು ಮೆತ್ತಿತ್ತು.

ಕೋಲಾರದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ತೋರುಬೆರಳು, ಮಧ್ಯದ ಬೆರಳು. ಅಂಗೈಯಲ್ಲಿ ಕೊಳೆತಿದ್ದ ಮಾಂಸವನ್ನೂ ಕೆರೆದು ತೆಗೆದರು. ಬ್ಯಾಕ್ಟೀರಿಯ ಸಾಯಲು ಒಂದು ಔಷಧಿ, ಅದು ವಿಷ ತಯಾರಿಸುವುದನ್ನು ನಿಲ್ಲಿಸಲು ಇನ್ನೊಂದು ಔಷಧಿ ಎಂದು ನರಕ್ಕೆ ಏರಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಪವಿತ್ರ ಗೂಡಿನಿಂದ ಮಾತ್ರೆಯ ಸ್ಟ್ರಿಪ್ ಹುಡುಕಿ ತಂದು ಅವರಿಗೆ ತೋರಿಸಿದ್ದಳು. ವರ್ಷಕ್ಕೂ ಮೇಲೆ ನುಂಗಿದ್ದನ್ನು ಒಂದೇ ಸಲಕ್ಕೆ ನಿಲ್ಲಿಸುವುದೂ ಅಪಾಯ, ಮೆಲ್ಲಮೆಲ್ಲಗೆ ಇಳಿಸಬೇಕು ಎಂದರಂತೆ. ಸ್ಟೇಷನ್ನಿನ ಬೆಂಚಿನ ಮೇಲೆ ಹೇಳಿದ ಸುಳ್ಳನ್ನು ಅವಳು ಎತ್ತಲಿಲ್ಲ. ಹಾಸಿಗೆಯ ಪಕ್ಕ ಕೂತು, “ಕೂಗಿದ್ರಲ್ಲ ದೊಡ್ಡಪ್ಪ, ಅಷ್ಟು ಸಾಕು” ಎಂದಳು, ಕಣ್ಣೊರೆಸಿಕೊಂಡಳು.

ಗಂಗಮ್ಮನಿಗೆ ಶಿವಕುಮಾರ್ ಕಣ್ಣು ತೆರೆಸಿದ. ಹಳ್ಳಿಯವರು ಮುಹೂರ್ತ ಒಂದು ವಾರ ಮುಂದಕ್ಕೆ ಹಾಕಿದರೇ ಹೊರತು ನೇಮ ಮುರಿಯಲಿಲ್ಲ. ಶಿವಕುಮಾರ್ ಆಸ್ಪತ್ರೆಗೆ ಬಂದು, ಗೋಡೆಯ ಕಡೆ ನೋಡುತ್ತ ಫೋನು ಮುಂದೆ ಹಿಡಿದ. ಫೋಟೋದಲ್ಲಿ ದೇವಿ ಎಲ್ಲರನ್ನೂ ನೋಡುತ್ತಿದ್ದಳು. ಎಡಗಣ್ಣಿನ ರೆಪ್ಪೆ ಒಂದು ಎಳೆ ಮೇಲಾಗಿತ್ತು. ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಕೋದಂಡರಾಮಪ್ಪ ಬ್ಯಾಂಡೇಜು ಸುತ್ತಿದ ಎಡಗೈ ನೋಡಿಕೊಂಡ. ಉಳಿ ಹಿಡಿಯುವ ಬೆರಳೇ ಇಲ್ಲ. ಇನ್ನು ಯಾವ ದೇವರಿಗೂ ತನ್ನ ಕೈಯಿಂದ ಕಣ್ಣು ಬರುವುದಿಲ್ಲ. ಬಹಳ ಹೊತ್ತು ನೋಡಿ ಫೋನು ವಾಪಸ್ಸು ಕೊಟ್ಟ.

“ಚೆನ್ನಾಗಿ ಬಂದೈತೆ ಕಣೋ,” ಅಂದ. ಶಿವಕುಮಾರ್ ಅಲ್ಲೇ ಕೂತು ಅತ್ತ. ಹಿಂದೆ ಆಗಿದ್ದರೆ ಗದರಿ ಎಬ್ಬಿಸುತ್ತಿದ್ದ. ಈಗ ಸುಮ್ಮನೆ ಅಳಲು ಬಿಟ್ಟ.

ಆ ಸಂಜೆ ಆಂಜಿನಮ್ಮ ಬಂದಳು. ದಿನಾ ಬರುತ್ತಿದ್ದಳು, ಆದರೆ ಮಾತು ಕಡಿಮೆ. ಊಟ ಬಡಿಸುವುದು, ತಟ್ಟೆ ತೊಳೆಯುವುದು, ಕಿಟಕಿಯ ಕಡೆ ನೋಡುತ್ತ ಕೂರುವುದು. ಎರಡು ವರ್ಷದ ಹಿಂದೆ ಬೇಡ ಅನ್ನಿಸಿಕೊಂಡ ನೋವು ಅವಳಿಗೆ ಇನ್ನೂ ಹಸಿಯಾಗಿತ್ತು. ಅದನ್ನು ಅವನು ಬಲ್ಲ, ಅವಳೂ ಬಲ್ಲಳು, ಇಬ್ಬರೂ ಅದನ್ನು ಮುಟ್ಟಿರಲಿಲ್ಲ. ಆವತ್ತು ಮುದ್ದೆ ಮುರಿದು ಬಲಗೈಗೆ ಇಟ್ಟಳು. ತಿಂದಾದ ಮೇಲೆ ಡಬ್ಬಿಗಳನ್ನು ಜೋಡಿಸಿ, ಕ್ಯಾರಿಯರ್ ಮುಚ್ಚಿ, ಸೆರಗು ಸರಿಮಾಡಿಕೊಂಡು ನಿಂತಳು.

“ಚೆನ್ನಾಗಿದ್ದೀರಲ್ಲ ಭಾವ. ಹೊರಡ್ಲಾ? ಕೊನೇ ಬಸ್ಸು ಬರೋ ಹೊತ್ತಾಯ್ತು.”

ಹೂಂ, ಚೆನ್ನಾಗಿದ್ದೀನಿ, ಹೊರಡು ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೇ ಬಂದಿತ್ತು. ಕೋದಂಡರಾಮಪ್ಪ ಬಾಯಿ ತೆರೆದ. ಕೂಗುವುದಕ್ಕಿಂತ ಇದು ಕಷ್ಟ.

“ಇಲ್ಲ ಕಣಮ್ಮ,” ಅಂದ. “ಚೆನ್ನಾಗಿಲ್ಲ. ಆವತ್ತೂ ಚೆನ್ನಾಗಿರಲಿಲ್ಲ.”

ಆಂಜಿನಮ್ಮ ಕ್ಯಾರಿಯರ್ ಹಿಡಿದೇ ನಿಂತಿದ್ದಳು. ಮೂಲೆಯ ಹಾಸಿಗೆಯವರು ಯಾರೋ ಕೆಮ್ಮಿದರು. ಹೊರಗೆ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು, ಕಂಡಕ್ಟರ್ ಮಾಲೂರು ಮಾಲೂರು ಎಂದು ಕೂಗತೊಡಗಿದ.

“ಇನ್ನೊಂಚೂರು ಹೊತ್ತು ಇರ್ತೀಯಾ?”

ಅವಳು ಸ್ಟೂಲನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಸ್ಸು ಹೊರಟು ಹೋಗುವವರೆಗೂ ಇಬ್ಬರೂ ಅದರ ಸದ್ದು ಕೇಳುತ್ತಿದ್ದರು. ಆಮೇಲೆ ಅವಳು ಅಕ್ಕನ ಸುದ್ದಿ ತೆಗೆದಳು.